ಇಪ್ಪತ್ತಮೂರನೆಯ ದಾನಿ

ನೀವು ಬಿಟ್ಟಿಯಾಗಿ ಎತ್ತಿಕೊಂಡ ರಾಗವನ್ನು ಕಟ್ಟಿದವರು ಯಾರೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಮಗುವಿನ ಹುಟ್ಟುಹಬ್ಬದ ಚಿತ್ರಗಳನ್ನು ಜೋಡಿಸಿ ಅವುಗಳ ಕೆಳಗೆ ಹಾಸಿದಿರಿ. ಶಾಲೆಯ ನಾಟಕದಲ್ಲಿ ತೆರೆ ಏಳುವಾಗ ನುಡಿಸಿದಿರಿ. ಅಂಗಡಿಯ ಜಾಹೀರಾತಿಗೆ ಅಂಟಿಸಿದಿರಿ. ಹಣ ಕೊಡಬೇಕಿಲ್ಲ ಎಂದು ಬರೆದಿತ್ತು, ನೀವು ಕೊಡಲಿಲ್ಲ, ತಪ್ಪಿಲ್ಲ. ಹೆಸರು ಹೇಳಬೇಕಿಲ್ಲ ಎಂದೂ ಬರೆದಿತ್ತು, ನೀವು ಹೇಳಲಿಲ್ಲ. ಕಾನೂನಿನ ಮಟ್ಟಿಗೆ ಅದರಲ್ಲೂ ತಪ್ಪಿಲ್ಲ. ಆದರೆ ಕೇಳಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ನೀವು ಕೇಳದೆ ಬಿಟ್ಟ ಆ ಒಂದು ಪ್ರಶ್ನೆ ಒಬ್ಬ ಮನುಷ್ಯನ ಎದೆಯಲ್ಲಿ ಇಪ್ಪತ್ತು ವರ್ಷ ಹುಳಿತು ಏನಾಯಿತೆಂಬುದನ್ನು ಹೇಳುತ್ತೇನೆ. ಅವನ ಅಪರಾಧಕ್ಕೆ ಅವನೇ ಹೊಣೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಓದುವಾಗ ನಿಮ್ಮ ಕೈಗಳನ್ನೂ ಒಮ್ಮೆ ನೋಡಿಕೊಳ್ಳಿ.

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಟಕ್ಕಣ್ಣ ಎನ್ನುತ್ತಿದ್ದರು. ಟಕ್ಕು ಎಂದರೆ ಮೋಸ, ಟಕ್ಕ ಎಂದರೆ ಮೋಸಗಾರ. ಆದರೆ ಆ ಹೆಸರಿಗೆ ಕಾರಣ ಅದಲ್ಲ. ಯಾವ ಕೆಲಸವನ್ನು ಮುಗಿಸಿದರೂ, ಊಟವಾಗಲಿ ಮಾತಾಗಲಿ ಸಂಕಲನವಾಗಲಿ, ಅವನು ಒಂದು ಗಳಿಗೆ ಸುಮ್ಮನಿದ್ದು ಹತ್ತಿರದ ಮರದ ಮೇಲೆ ಬೆರಳಗೆಣ್ಣಿನಿಂದ ಮೆಲ್ಲನೆ ಬಡಿಯುತ್ತಿದ್ದ. ಟಕ್ ಟಕ್. ಒಂದು ಉಸಿರಿನ ಬಿಡುವು. ಟಕ್ ಟಕ್ ಟಕ್. ತಾನು ಬಡಿಯುವುದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ತಟ್ಟೆ ಎತ್ತುತ್ತ, "ಯಾರ ಬಾಗಿಲು ಬಡೀತಿದ್ದೀರಿ? ಒಳಗೇ ಇದ್ದೀರಲ್ಲ, ಬನ್ನಿ ಅಂತ ಬೇರೆ ಕರೀಬೇಕಾ?" ಎಂದು ಹದಿನಾರು ವರ್ಷಗಳಿಂದ ಒಂದೇ ಹಾಸ್ಯ ಮಾಡುತ್ತಿದ್ದಳು. ಹದಿನಾರು ವರ್ಷಗಳಿಂದ ಅವನೂ "ಏನು ಬಡಿದೆ?" ಎಂದು ನಿಜವಾಗಿಯೇ ಕೇಳುತ್ತಿದ್ದ.

ಅವನ ಕೆಲಸ ಶಬ್ದ ಜೋಡಿಸುವುದು. ಜಾಹೀರಾತಿಗೆ ಹಿನ್ನೆಲೆ, ಸಾಕ್ಷ್ಯಚಿತ್ರಕ್ಕೆ ಹೆಜ್ಜೆಯ ಸದ್ದು, ಬಾಗಿಲಿನ ಕಿರುಗುಟ್ಟುವಿಕೆ. ಆ ವರ್ಷ ಒಬ್ಬ ನಿರ್ದೇಶಕ ಸ್ಟುಡಿಯೋಕ್ಕೆ ಬಂದ. ಮೂವತ್ತು ದಾಟದ ವಯಸ್ಸು, ಮೊದಲ ಚಿತ್ರದಲ್ಲೇ ಹೆಸರು ಮಾಡಿದ್ದವನು. ಕುರ್ಚಿಯಲ್ಲಿ ಕೂರುವ ಮೊದಲೇ ವಿಷಯಕ್ಕೆ ಬಂದ.

"ಟಕ್ಕಣ್ಣ, ಆ ಬಿಟ್ಟಿ ರಾಗ ಗೊತ್ತಲ್ಲ? ಆಸ್ಪತ್ರೆಗೆ ಫೋನ್ ಮಾಡಿದ್ರೂ ಕೇಳ್ಸುತ್ತಲ್ಲ, ಗಿಟಾರಿಂದು, ಅದು. ಅದರ ಹಾಗೇ ಒಂದು ಮಾಡ್ಕೊಡಿ. ಕೇಳಿದ್ರೆ ಅದೇ ಅನ್ನಿಸ್ಬೇಕು, ಆದ್ರೆ ಅದಾಗಿರಬಾರ್ದು."

"ಅದನ್ನೇ ಹಾಕ್ಕೊಳ್ಳಿ. ಯಾರೂ ಏನೂ ಕೇಳಲ್ಲ."

"ಅಯ್ಯೋ, ಅದು ಊರಿಗೆಲ್ಲ ಸೇರಿದ್ದು. ನನ್ನ ಸಿನಿಮಾದ ರಾಗ ಸೋಪಿನ ಜಾಹೀರಾತಲ್ಲೂ ಬಂದ್ರೆ ಹೇಗೆ? ಒಡೆಯ ಅಂತ ಒಬ್ಬ ಇದ್ದಿದ್ರೆ ಕೈ ಮುಗಿದು ಬರೆಸ್ಕೊಳ್ತಿದ್ದೆ. ತೆರೆ ಮೇಲೆ ನನ್ನ ಹೆಸರಿಗಿಂತ ಮೊದಲು ಅವನ ಹೆಸರು ಹಾಕ್ತಿದ್ದೆ. ಏನು ಮಾಡೋದು, ಅನಾಥ ರಾಗ."

ಟಕ್ಕಣ್ಣ ಆ ರಾಗಕ್ಕೆ ನಾಲ್ಕು ಅನುಕರಣೆಗಳನ್ನು ಮಾಡಿದ. ನಾಲ್ಕನ್ನೂ ಕೇಳಿದ ನಿರ್ದೇಶಕ ತಲೆಯಾಡಿಸಿದ. "ಬೇಜಾರಾಗ್ಬೇಡಿ. ಮೂಲದ ಜೀವ ಇಲ್ಲ ಇದರಲ್ಲಿ. ಅದನ್ನ ಮಾಡಿದವನು ಬೇರೇನೇ ಮನುಷ್ಯ, ಬಿಡಿ."

"ಅದನ್ನ ಮಾಡಿದ್ದು ನಾನೇ."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಿರ್ದೇಶಕನೇ ಮೊದಲು ನಕ್ಕ. "ಹಾಗಾದ್ರೆ ಆಸ್ಪತ್ರೆ ಕಟ್ಟಿದ್ದೂ ನೀವೇನಾ?" ಉಳಿದವರೂ ನಕ್ಕರು. ಟಕ್ಕಣ್ಣನೂ ನಕ್ಕ. ನಕ್ಕಿದ್ದಕ್ಕೆ ಅವನು ತನ್ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಅವನು ಹೇಳಿದ್ದು ನಿಜ. ಇಪ್ಪತ್ತು ವರ್ಷಗಳ ಹಿಂದೆ, ಕೆಲಸವಿಲ್ಲದ ದಿನಗಳಲ್ಲಿ, ಬಾಡಿಗೆ ಕೋಣೆಯ ಹಾಸಿಗೆಯ ಅಂಚಿನಲ್ಲಿ ಕುಳಿತು ಅವನು ಆ ನಲವತ್ತೆಂಟು ಸೆಕೆಂಡುಗಳನ್ನು ನುಡಿಸಿದ್ದ. ಅದೇ ವರ್ಷ, ಅದೇ ಬೀದಿಯಲ್ಲಿ, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಟೀಚರಮ್ಮ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಶಬ್ದ ಭಂಡಾರವೊಂದನ್ನು ತೆರೆದಿದ್ದರು. ಕಾಸಿಲ್ಲದ ನಾಟಕ ತಂಡಗಳಿಗೆ, ಶಾಲೆಗಳಿಗೆ, ಮೊದಲ ಚಿತ್ರ ತೆಗೆಯುವವರಿಗೆ ರಾಗವೂ ಸದ್ದೂ ಬಿಟ್ಟಿಯಾಗಿ ಸಿಗಬೇಕು ಎಂಬುದು ಅವರ ಹಟ. ಕೊಡುವವರು ಒಂದು ಅರ್ಜಿಗೆ ಸಹಿ ಹಾಕಬೇಕು, ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಪ್ರತಿ ದಾನಿಗೂ ಒಂದು ಸಂಖ್ಯೆ. ಇವನು ಇಪ್ಪತ್ತಮೂರನೆಯವನು. ಅರ್ಜಿಯ ಹಿಂಬದಿಯಲ್ಲಿ ಧ್ವನಿಮುದ್ರಣಕ್ಕೆ ಸಣ್ಣ ಅಕ್ಷರಗಳಲ್ಲಿ ಐದು ನಿಯಮಗಳಿದ್ದವು: ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಎಂಬಂಥವು. ಹೆಸರು ಪ್ರಕಟಿಸಬಹುದೇ ಎಂಬ ಪ್ರಶ್ನೆಗೆ ಅವನು 'ಬೇಡ' ಎಂದು ಗುರುತು ಮಾಡಿದ್ದ. ಆ ವಯಸ್ಸಿನಲ್ಲಿ ಅದು ದೊಡ್ಡತನವೆಂದು ತೋರಿತ್ತು. ಮೂರು ವರ್ಷಗಳಲ್ಲಿ ಅವನು ನಲವತ್ತಕ್ಕೂ ಹೆಚ್ಚು ಶಬ್ದಗಳನ್ನು ಕೊಟ್ಟ. ಲಿಫ್ಟಿನ ಬಾಗಿಲು, ತಗಡಿನ ಮೇಲಿನ ಮಳೆ, ಮೆಟ್ಟಿಲಿಳಿಯುವ ಚಪ್ಪಲಿ. ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು, ಭಂಡಾರದ ದಾರಿಯೇ ಮರೆತುಹೋಯಿತು.

ರಾಗ ಮಾತ್ರ ಅವನನ್ನು ಮರೆಯಲಿಲ್ಲ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಫೋನಿನಲ್ಲಿ ಅದು ಎದುರಾಗುತ್ತಿತ್ತು. ಭಂಡಾರದ ಪಟ್ಟಿಯಲ್ಲಿ ಅದರ ಕೆಳಗೆ ಇದ್ದದ್ದು ಎರಡೇ ಪದ: ಹೆಸರಿಲ್ಲದ ದಾನಿ. ಸ್ಟುಡಿಯೋದಲ್ಲಿ ನಗೆಪಾಟಲಾಗಿ ಮನೆಗೆ ಬಂದ ಸಂಜೆ ಹದಿನಾಲ್ಕು ವರ್ಷದ ಮಗಳು ಅದೇ ರಾಗಕ್ಕೆ ಹೆಜ್ಜೆ ಹಾಕುತ್ತಿದ್ದಳು.

"ಶಾಲೆ ನಾಟಕಕ್ಕೆ ಅಪ್ಪಾ. ಕೊನೇ ದೃಶ್ಯ. ಇದನ್ನ ಮಾಡಿದವರು ತುಂಬ ಒಳ್ಳೆಯವರಿರಬೇಕು ಅಲ್ವಾ? ಬಿಟ್ಟಿ ಕೊಟ್ಟು ಹೆಸರೂ ಹೇಳಿಲ್ಲ."

"ದಡ್ಡರಿರಬೇಕು."

"ಹೋಗಪ್ಪಾ, ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು."

ನಾನೇ ಮಾಡಿದ್ದು ಎಂದು ಅವಳಿಗೆ ಹೇಳಬಹುದಿತ್ತು. ಒಂದು ನಗು ಅವನಿಗೆ ಸಾಕಾಗಿತ್ತು; ಎರಡನೆಯದನ್ನು, ಅದೂ ಮಗಳಿಂದ, ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಅವನ ಲೆಕ್ಕಾಚಾರ ಆ ಸಂಜೆಯೇ ಮೊದಲಾಯಿತು. ದಾನ ಕೊಟ್ಟದ್ದು ಮರಳಿ ಬರುವುದಿಲ್ಲ. ಆದರೆ ದಾನವೇ ಆಗಿರದಿದ್ದರೆ? ರಾಗ ಭಂಡಾರಕ್ಕಿಂತ ಹಳೆಯದಾಗಿದ್ದು, ಮುದುಕಿಯೊಬ್ಬಳು ಕೇಳದೆ ಅದನ್ನು ಎತ್ತಿಕೊಂಡಿದ್ದರೆ? ಆಗ ಅವನು ಒಡೆಯ. ನಿರ್ದೇಶಕ ಕೈ ಮುಗಿಯುತ್ತಾನೆ. ತೆರೆಯ ಮೇಲೆ ಹೆಸರು ಬರುತ್ತದೆ, ಮಗಳು ಓದುತ್ತಾಳೆ. ತನ್ನದನ್ನೇ ತಾನು ತೆಗೆದುಕೊಳ್ಳುವುದು ಕಳ್ಳತನ ಹೇಗಾದೀತು ಎಂದು ಅವನು ತನ್ನನ್ನೇ ಕೇಳಿಕೊಂಡ. ಆ ಪ್ರಶ್ನೆಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಉತ್ತರ ಗೊತ್ತು. ಅವನು ಉತ್ತರಕ್ಕಾಗಿ ಕಾಯಲಿಲ್ಲ.

ಮೊದಲು ಸಾಕ್ಷ್ಯ ಅಳಿಯಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ, ಹದಿನೇಳು ವರ್ಷಗಳ ಬಳಿಕ, ಅವನು ಟೀಚರಮ್ಮನ ಬಾಗಿಲಿಗೆ ಹೋದ. ಅವರ ಕನ್ನಡಕದ ದಪ್ಪ ಹೆಚ್ಚಿತ್ತು. ಅವನ ಮುಖ ಅವರಿಗೆ ತಿಳಿಯಲಿಲ್ಲ. "ಯಾರು?" ಎಂದರು. "ನಾನು, ಟೀಚರ್" ಎಂದ. ಅಷ್ಟೇ ಸಾಕಾಯಿತು.

"ಅಯ್ಯೋ ನೀನೇನೋ! ಮುಖ ಮರೆತುಹೋಗುತ್ತೆ ಕಣೋ, ದನಿ ಮರೆಯಲ್ಲ. ಬಾ ಒಳಗೆ. ಎಷ್ಟು ತೂಕ ಬಂದಿದೀಯ, ನಡಿಗೇಲೇ ಗೊತ್ತಾಗ್ತಿದೆ."

ಹಿಂದಿನ ಕೋಣೆ ಹಾಗೆಯೇ ಇತ್ತು. ಎರಡು ಉಕ್ಕಿನ ಕಪಾಟು, ಒಂದು ಹಳೆಯ ಕಂಪ್ಯೂಟರ್, ಕಿಟಕಿಗೆ ಹೊಲಿದ ಕಂಬಳಿಯ ಪರದೆ. ಮೊದಲ ವರ್ಷಗಳ ಕ್ಯಾಸೆಟ್‌ಗಳು ಎಲ್ಲಿ ಎಂದು ಅವನು ಏನೂ ಅರಿಯದವನಂತೆ ಕೇಳಿದ.

"ಬೂಷ್ಟು ಹಿಡಿದು ಎಲ್ಲ ಹೋದವು. ಹೋಗೋಕ್ಕೆ ಮುಂಚೆ ಹಿಂದೆ ಮುಂದೆ ಕತ್ತರಿಸಿ ಕಂಪ್ಯೂಟರಿಗೆ ಹಾಕ್ದೆ. ಶಬ್ದ ಉಳೀತು, ಅಷ್ಟು ಸಾಕು."

ಅವನಿಗೂ ಅಷ್ಟೇ ಬೇಕಿತ್ತು. ಇನ್ನು ಉಳಿದದ್ದು ಅರ್ಜಿ. ಟೀಚರಮ್ಮ ಚಹಾ ಮಾಡಲು ಎದ್ದರು. ನೀರು ಕುದಿಯುವ ಹೊತ್ತಿನಲ್ಲಿ ಅವನು ಎಡಗಡೆಯ ಕಪಾಟು ತೆರೆದ. ಅರ್ಜಿಗಳು ಹತ್ತರ ಕಟ್ಟುಗಳಲ್ಲಿ ದಾರ ಹಾಕಿ ಇದ್ದವು. ಮೂರನೆಯ ಕಟ್ಟಿನ ಮೂರನೆಯ ಹಾಳೆ. ತನ್ನ ಸಹಿಯನ್ನು ನೋಡಿದ. ಎಳೆಯ, ಉಬ್ಬಿದ, ನಾಚಿಕೆಯಿಲ್ಲದ ಸಹಿ. ಕಪಾಟಿನ ಮೇಲೆಯೇ ಅದೇ ಕಾಲದ ಖಾಲಿ ಅರ್ಜಿಗಳ ಹಳದಿ ದಿಂಡಿತ್ತು. ಒಂದನ್ನು ಎಳೆದು ಎಡಗೈಯಲ್ಲಿ ತುಂಬಿಸಿದ: ಸಂಖ್ಯೆ ಇಪ್ಪತ್ತಮೂರು, ವೃತ್ತಿ ಬಡಗಿ, ಕೊಟ್ಟದ್ದು ಬಾಗಿಲ ತಿರುಗಣಿಯ ಸದ್ದು. ಆ ಬೀದಿಯ ಬಡಗಿ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಅವನು ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ. ಕಪ್ಪುಗಳ ಸದ್ದು ಹತ್ತಿರವಾಗುವಷ್ಟರಲ್ಲಿ ಕಪಾಟು ಮುಚ್ಚಿತ್ತು, ಹಳೆಯ ಅರ್ಜಿ ಮಡಿಕೆಯಾಗಿ ಅವನ ಜೇಬಿನಲ್ಲಿತ್ತು.

ಟೀಚರಮ್ಮ ಕಪ್ಪು ಕೊಟ್ಟು ಎದುರಿಗೆ ಕುಳಿತರು. "ನಿನ್ನ ಆ ರಾಗ ಎಲ್ಲೆಲ್ಲಿಗೆ ಹೋಗಿದೆ ಗೊತ್ತಾ? ನನಗೆ ಒಂದೊಂದು ಸಲ ಹೊಟ್ಟೆ ಉರಿಯುತ್ತೆ. ತಗೊಂಡವರು ಒಬ್ಬರಾದ್ರೂ ಎರಡು ಸಾಲು ಬರೆದಿದ್ದಾರಾ? ಇಲ್ಲ. ಇಪ್ಪತ್ತು ವರ್ಷ ಆಯ್ತು. ಈಗಲಾದರೂ ನಿನ್ನ ಹೆಸರು ಹಾಕಿಬಿಡ್ಲಾ? ನೀನು ಹೂಂ ಅಂದ್ರೆ ಇವತ್ತೇ ಹಾಕ್ತೀನಿ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಗಳಿಗೆ ತೋರಿಸಲು ಹೆಸರಿರುತ್ತಿತ್ತು. ನಗುವವರ ಬಾಯಿ ಮುಚ್ಚುತ್ತಿತ್ತು. ಆದರೆ ಅದು ದಾನಿಯ ಹೆಸರು, ಒಡೆಯನದಲ್ಲ. ತೆರೆಯ ಮೇಲೆ ಬರುವ ಹೆಸರೂ ಅಲ್ಲ. ಜೇಬಿನಲ್ಲಿನ ಹಾಳೆ ಆಗಲೇ ಅವನ ಪರವಾಗಿ ಉತ್ತರ ಹೇಳಿಯಾಗಿತ್ತು.

"ಬೇಡ ಟೀಚರ್. ಕೊಟ್ಟದ್ದು ಕೊಟ್ಟ ಹಾಗೇ ಇರಲಿ." ಹೇಳಿ ಮುಗಿಸಿ ಅವನು ಸುಮ್ಮನಾದ. ಕುರ್ಚಿಯ ತೋಳಿನ ಮೇಲೆ ಅವನ ಬೆರಳಗೆಣ್ಣು ಮೆಲ್ಲನೆ ಬಡಿಯಿತು. ಎರಡು, ಆಮೇಲೆ ಮೂರು.

ಟೀಚರಮ್ಮನ ಮುಖ ಅರಳಿತು. "ಅದನ್ನ ಇನ್ನೂ ಮರೆತಿಲ್ಲ ನೀನು!"

ರಾಗದ ಮಾತು ಎಂದುಕೊಂಡ ಅವನು, "ಹೇಗೆ ಮರೀಲಿ ಟೀಚರ್?" ಎಂದ. ಅದು ಆ ಮಧ್ಯಾಹ್ನ ಅವನಾಡಿದ ಏಕೈಕ ಸತ್ಯ. ಅದನ್ನೂ ತಿಳಿಯದೆ ಆಡಿದ.

ಅರ್ಜಿಯನ್ನು ಮನೆಯ ಹಿಂದಿನ ತೊಟ್ಟಿಯ ಬಳಿ ಸುಟ್ಟ. ಸಹಿಯ ಮೂಲೆಗೇ ಬೆಂಕಿ ತಾಗಿಸಿ, ಅದು ಬೂದಿಯಾಗುವವರೆಗೆ ಕಣ್ಣು ಕೀಳದೆ ನೋಡಿದ. ಹಾಳೆ ಸುರುಳಿಯಾಗುತ್ತ ಹಿಂಬದಿಯ ಸಣ್ಣ ಅಕ್ಷರಗಳು ಮೇಲೆ ಬಂದವು. ಒಂದು ಕ್ಷಣ ಕಂದು ಬಣ್ಣದಲ್ಲಿ ಸ್ಪಷ್ಟವಾಗಿ ನಿಂತವು. ಅವನು ಓದಲಿಲ್ಲ.

ಮುಂದಿನ ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದಳು. ಅವನಿಗೆ ಒಂದು ಇಡೀ ಹಗಲು ಸಿಕ್ಕಿತು. ಈ ಭಾಗದ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಮತ್ತು ಒಪ್ಪಬೇಕಾದ ಮಾತೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ಹಳೆಯ ಟ್ರಂಕಿನಲ್ಲಿ ಒಡೆಯದ ಪೊಟ್ಟಣದಲ್ಲಿ ಉಳಿದಿದ್ದ ಖಾಲಿ ಕ್ಯಾಸೆಟ್ಟಿನ ಮೇಲೆ ತಯಾರಾದ ವರ್ಷ ಅಚ್ಚಾಗಿತ್ತು: ಭಂಡಾರ ಹುಟ್ಟುವುದಕ್ಕಿಂತ ಐದು ವರ್ಷ ಮೊದಲು. ಟೇಪ್ ರೆಕಾರ್ಡರಿನ ಸಡಿಲವಾದ ರಬ್ಬರ್ ಪಟ್ಟಿಯನ್ನು ಬದಲಿಸಿದ. ಹೊಸ ತಂತಿಗಳು ಹೊಳೆಯುವಂತೆ ನುಡಿಯುತ್ತವೆಂದು ಗಿಟಾರಿನಿಂದ ಅವನ್ನು ಕಿತ್ತು, ಡಬ್ಬಿಯಲ್ಲಿ ತುಕ್ಕು ಹಿಡಿದಿದ್ದ ಹಳೆಯ ತಂತಿಗಳನ್ನು ಕಟ್ಟಿದ. ಆ ದಿನಗಳಲ್ಲಿ ಅವನ ಬಳಿ ಶ್ರುತಿ ನೋಡುವ ಸಾಧನವಿರಲಿಲ್ಲ, ಗಿಟಾರು ಯಾವಾಗಲೂ ಕೂದಲೆಳೆಯಷ್ಟು ಕೆಳಗಿರುತ್ತಿತ್ತು. ಅಷ್ಟೇ ಇಳಿಸಿದ.

ರಾಗವನ್ನು ಅದೇ ರೀತಿ ನುಡಿಸಲಿಲ್ಲ. ಅಕ್ಷರಶಃ ಒಂದೇ ಆಗಿದ್ದರೆ ಭಂಡಾರದಿಂದ ಇಳಿಸಿಕೊಂಡ ನಕಲು ಎಂದಾರು. ಆದ್ದರಿಂದ ಇದು ಮೊದಲ ಯತ್ನ, ಇನ್ನೂ ಹಣ್ಣಾಗದ ರೂಪ; ಎರಡನೆಯ ಸಾಲಿನಲ್ಲಿ ತಡವರಿಕೆ, ಮಧ್ಯದಲ್ಲಿ ಒಂದು ಸ್ವರದ ಹುಡುಕಾಟ. ತಾನೇ ಕಟ್ಟಿದ ರಾಗದ ಬಾಲ್ಯವನ್ನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಟಿಸುವುದು ಸುಲಭವಲ್ಲ. ಆರು ಬಾರಿ ನುಡಿಸಿ ಆರು ಬಾರಿ ಅಳಿಸಿದ. ಏಳನೆಯ ಬಾರಿ ಏನೋ ಆಯಿತು. ಬೆರಳುಗಳು ನಟಿಸುವುದನ್ನು ಬಿಟ್ಟವು. ಬಾಡಿಗೆ ಕೋಣೆ, ಹಾಸಿಗೆಯ ಅಂಚು, ಹಸಿವು, ಯಾರಿಗೂ ಏನೂ ಆಗಬೇಕಿಲ್ಲದ ಆ ವಯಸ್ಸು, ಎಲ್ಲ ಹಿಂದಿರುಗಿ ಬಂದು ಅವನನ್ನು ನುಡಿಸಿದವು. ಕೊನೆಯ ಸ್ವರದ ಮೇಲೆ ಅವನ ಕಣ್ಣು ಮಂಜಾಯಿತು. ಕೂಡಲೇ ಯಂತ್ರ ನಿಲ್ಲಿಸಲಿಲ್ಲ. ಆ ಕಾಲದ ಹುಡುಗನಿದ್ದಿದ್ದರೂ ನಿಲ್ಲಿಸುತ್ತಿರಲಿಲ್ಲ. ಗಿಟಾರನ್ನು ಎದೆಗೊತ್ತಿಕೊಂಡು ಕೆಲ ಕಾಲ ಹಾಗೆಯೇ ಕುಳಿತಿದ್ದು, ಆಮೇಲೆ ಗುಂಡಿ ಒತ್ತಿದ.

ಹೆಡ್‌ಫೋನ್ ಹಾಕಿ ಪರೀಕ್ಷಿಸಿದ. ತಂತಿಯ ಕರಕರ, ಹಳೆಯ ಟೇಪಿನ ಬುಸುಗುಡುವಿಕೆ, ಸರಿಯಾದ ಜಾಗದಲ್ಲಿ ಸರಿಯಾದ ತಪ್ಪು. ಕೊನೆಯ ಸ್ವರ ಕ್ಷೀಣಿಸಿ ಆರುವವರೆಗೆ ಕೇಳಿ ಹೆಡ್‌ಫೋನ್ ತೆಗೆದ. ಇಪ್ಪತ್ತು ವರ್ಷಗಳ ಸಂಗೀತಗಾರನ ಕಿವಿ. ರಾಗ ಮುಗಿದಲ್ಲಿ ಕೇಳುವುದನ್ನು ಮುಗಿಸುವುದು ಅದರ ಅಭ್ಯಾಸ. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಭಂಡಾರಕ್ಕಿಂತ ಎರಡು ವರ್ಷ ಹಿಂದಿನ ತಾರೀಖು ಬರೆದ. ಬ್ಯಾಂಕೊಂದು ಕೊಟ್ಟಿದ್ದ ಅದೇ ವರ್ಷದ ಡೈರಿಯ ಖಾಲಿ ಪುಟದಲ್ಲಿ ಸ್ವರಗಳನ್ನು ಗೀಚಿ ಬಿಸಿಲಿಗೆ ಒಡ್ಡಿದ.

ಹಕ್ಕುಗಳ ಕಚೇರಿಗೆ ಕೊಟ್ಟ ದೂರಿನಲ್ಲಿ ಅವನ ಕತೆ ಸರಳವಾಗಿತ್ತು. ರಾಗ ಎರಡು ವರ್ಷ ಮೊದಲೇ ಕಟ್ಟಿದ್ದು. ಬೀದಿಯ ಹಿರಿಯರೆಂದು ಟೀಚರಮ್ಮನ ಅಭಿಪ್ರಾಯ ಕೇಳಲು ಇನ್ನೊಂದು ಕ್ಯಾಸೆಟ್ ಕೊಟ್ಟಿದ್ದೆ. ಅವರು ಕೇಳದೆ ಅದನ್ನು ಹಂಚಿದರು. ನಾನು ಆ ಭಂಡಾರಕ್ಕೆ ಎಂದೂ ಏನನ್ನೂ ಕೊಟ್ಟವನಲ್ಲ.

ದೂರು ದಾಖಲಾದ ವಾರವೇ ರಾಗ ಎಲ್ಲೆಡೆ ಬಾಯಿ ಮುಚ್ಚಿತು. ತೀರ್ಮಾನವಾಗುವವರೆಗೆ ಯಾರೂ ಬಳಸಬಾರದೆಂಬ ತಾಕೀತು ಹೊರಟಿತ್ತು. ಆಸ್ಪತ್ರೆಯ ಫೋನಿನಲ್ಲಿ ಮೌನ. ನೂರಾರು ಚಿತ್ರಗಳ ಕೆಳಗೆ ಮೌನ. ಒಂದು ರಾಗ ಕದ್ದದ್ದಾದರೆ ಉಳಿದ ಸಾವಿರಾರು ಶಬ್ದಗಳ ಗತಿಯೇನು ಎಂದು ಜನ ಭಂಡಾರವನ್ನೇ ಬಿಟ್ಟರು. ದೂರು ಸಾಬೀತಾದರೆ ಅದಕ್ಕೆ ಬೀಗ ಬೀಳುವುದು ಖಚಿತವಾಗಿತ್ತು. ಅದುವರೆಗೆ ಎರಡು ಸಾಲು ಕೃತಜ್ಞತೆ ಬರೆಯದಿದ್ದವರು ಈಗ ಟೀಚರಮ್ಮನಿಗೆ ಪುಟಗಟ್ಟಲೆ ಬರೆದರು. ಕಳ್ಳಿ ಎಂದರು, ಮುದುಕಿಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದರು. ಬರೆಯಲು ಬರುವುದಿಲ್ಲವೆಂದಲ್ಲ ನಮ್ಮ ಜನಕ್ಕೆ.

ಮನೆಯಲ್ಲಿ ಮಗಳು ಚೀಲ ಎಸೆದಳು. "ಕೊನೇ ದೃಶ್ಯಕ್ಕೆ ರಾಗಾನೇ ಇಲ್ಲ. ಸುಮ್ಮನೆ ಕುಣೀಬೇಕಂತೆ, ಹುಚ್ಚರ ಹಾಗೆ. ಯಾರೋ ಅದು ತಮ್ಮದು ಅಂತ ಕೇಸ್ ಹಾಕಿದ್ದಾರಂತೆ."

"ಅವನದೇ ರಾಗ ಇದ್ರೆ?"

"ಅವನದೇ ಆಗಿದ್ರೆ ಇಷ್ಟು ವರ್ಷ ಎಲ್ಲಿದ್ದ? ನಿದ್ದೆ ಮಾಡ್ತಿದ್ನಾ?"

ಹೆಂಡತಿ ಒಲೆಯ ಬಳಿಯಿಂದ ತಿರುಗಿ ಅವನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ದೂರಿನ ಪ್ರತಿಯನ್ನು ಅವಳು ನೋಡಿದ್ದಳು. "ನಿಮ್ಮದೇ ಆಗಿದ್ರೆ ನನ್ನ ಹತ್ರ ಯಾಕೆ ಒಂದು ದಿನಾನೂ ಹೇಳ್ಲಿಲ್ಲ?" ಎಂದು ಕೇಳಿದ್ದಳು. "ಹೇಳಿದ್ರೆ ನೀನು ನಗ್ತಿದ್ದೆ" ಎಂದಿದ್ದ. "ನಗೋದಾ ಬಿಡೋದಾ ಅಂತ ನನ್ನನ್ನಾದ್ರೂ ಕೇಳಬಹುದಿತ್ತು" ಎಂದಿದ್ದಳು. ಗೆದ್ದ ಮೇಲೆ ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಅವನ ನಂಬಿಕೆ. ನಿರ್ದೇಶಕ ಆಗಲೇ ಫೋನ್ ಮಾಡಿದ್ದ. "ಅಣ್ಣಾ, ಕ್ಷಮಿಸಿಬಿಡಿ, ಅವತ್ತು ನಕ್ಕುಬಿಟ್ಟೆ. ತೀರ್ಪು ಬಂದ ದಿನವೇ ಸಹಿ ಹಾಕೋಣ." ಟಕ್ಕಣ್ಣ ಹೋಗಿ ಅಣ್ಣನಾಗಿದ್ದ. ಅಷ್ಟಕ್ಕೇ ಅವನಿಗೆ ಅರ್ಧ ಗೆದ್ದಂತಾಗಿತ್ತು.

ವಿಚಾರಣೆ ನಡೆದದ್ದು ಹಕ್ಕುಗಳ ವ್ಯಾಜ್ಯ ನೋಡುವ ಕಚೇರಿಯ ಎರಡನೆಯ ಮಹಡಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಉದ್ದನೆಯ ಮರದ ಮೇಜು, ಗೋಡೆಗೆ ಒರಗಿಸಿದ ಕಡತಗಳು. ಅಧಿಕಾರಿ ನಿಧಾನಸ್ಥರು; ಮಾತಿಗೆ ಮೊದಲು ಪೆನ್ನಿನ ಮುಚ್ಚಳ ಹಾಕುವವರು. ಟೀಚರಮ್ಮ ವಕೀಲರನ್ನು ತಂದಿರಲಿಲ್ಲ. ಬಟ್ಟೆಯ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರು ಬಯ್ಯಬಹುದು, ಅಳಬಹುದು ಎಂದು ಅವನು ಸಿದ್ಧನಾಗಿ ಬಂದಿದ್ದ. ಅವರು ಎರಡೂ ಮಾಡಲಿಲ್ಲ. "ಬಂದ್ಯೇನೋ" ಎಂದರು, ಅಷ್ಟೇ.

ಅಧಿಕಾರಿ ಅವನನ್ನು ಕೇಳಿದರು: "ನೀವು ಇವರ ಭಂಡಾರಕ್ಕೆ ಯಾವತ್ತಾದರೂ, ಯಾವುದಾದರೂ ಶಬ್ದ ಕೊಟ್ಟಿದ್ದೀರಾ?"

"ಇಲ್ಲ ಸರ್. ಒಂದೂ ಇಲ್ಲ."

"ದಾನಿಯಾಗಿ ನೋಂದಾಯಿಸಿಕೊಂಡಿದ್ದೀರಾ?"

"ಇಲ್ಲ ಸರ್."

"ಹಾಗಂತ ಸಹಿ ಮಾಡಿ."

ಸಹಿ ಮಾಡಿದ. ಇಪ್ಪತ್ತು ವರ್ಷಗಳಲ್ಲಿ ಸಹಿ ಚಿಕ್ಕದಾಗಿತ್ತು. ಅಧಿಕಾರಿ ಟೀಚರಮ್ಮನತ್ತ ತಿರುಗಿದರು. "ನೀವು ಇವರ ಅರ್ಜಿ ಇದೆ ಅಂತ ಹೇಳಿದ್ರಿ. ನಮ್ಮವರು ನೋಡಿದಾಗ ಇಪ್ಪತ್ತಮೂರರಲ್ಲಿ ಯಾರೋ ಬಡಗಿಯದು ಸಿಕ್ಕಿತು."

"ಹೌದಂತೆ. ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಓದಿಸಿ ಕೇಳಿದೆ. ಬಡಗಿ ಅಂತಿದೆ." ಟೀಚರಮ್ಮನ ದನಿ ಏರಲಿಲ್ಲ. "ಆ ಬಡಗಿ ಕೈಯಲ್ಲಿ ಒಂದಕ್ಷರ ಬರೀತಿರಲಿಲ್ಲ, ಪಾಪ. ಹೆಬ್ಬೆಟ್ಟು ಒತ್ತೋರು. ಅದಿರಲಿ ಬಿಡಿ."

ಅವನು ಥಟ್ಟನೆ ಅಧಿಕಾರಿಯತ್ತ ನೋಡಿದ. ಆದರೆ ಅಧಿಕಾರಿ ಹುಬ್ಬೇರಿಸಲಿಲ್ಲ; ಸತ್ತವನ ಅಕ್ಷರಜ್ಞಾನವನ್ನು ಈಗ ಯಾರು ಸಾಬೀತುಪಡಿಸುತ್ತಾರೆ? ಮುದುಕಿಯ ನೆನಪು, ಅಷ್ಟೇ. ಅವನು ನೆಟ್ಟಗೆ ಕುಳಿತು, ಕಟ್ಟಿಕೊಂಡು ಬಂದಿದ್ದ ಮಾತನ್ನು ಮುಗಿಸಿದ: "ನನಗೆ ಹಣದ ಆಸೆ ಇಲ್ಲ ಸರ್. ನನ್ನ ಮಗಳ ಮುಂದೆ ಇದು ನಂದು ಅಂತ ಹೇಳಿಕೊಳ್ಳೋ ಹಾಗಾದ್ರೆ ಸಾಕು." ಅಧಿಕಾರಿಯ ಮೇಜಿನ ಮೇಲೆ ಅವನ ಬೆರಳಗೆಣ್ಣು ಮೆಲ್ಲನೆ ಬಡಿಯಿತು. ಎರಡು, ಆಮೇಲೆ ಮೂರು. ಅಧಿಕಾರಿ ಒಮ್ಮೆ ಕಣ್ಣೆತ್ತಿ ನೋಡಿ, ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರು.

ರಾಗ ಕೋಣೆಯನ್ನು ತುಂಬಿತು. ತಡವರಿಸಿತು, ಹುಡುಕಿತು, ಕಂಡುಕೊಂಡಿತು. ಬಾಗಿಲ ಬಳಿ ನಿಂತಿದ್ದ ಜವಾನನೂ ತಲೆ ಬಾಗಿಸಿ ಕೇಳಿದ. ಟೀಚರಮ್ಮ ಕಣ್ಣು ಮುಚ್ಚಿದ್ದರು, ಕೆನ್ನೆ ಒದ್ದೆಯಾಗಿತ್ತು. "ಚೆನ್ನಾಗಿ ನುಡಿಸಿದ್ದೀಯ" ಎಂದು ಮೆಲ್ಲನೆ ಹೇಳಿದರು, ಶಾಲೆಯಲ್ಲಿ ಹೇಳುವ ಹಾಗೆ. ಕೊನೆಯ ಸ್ವರ ಆರಿತು. ಗೆದ್ದೆ ಎಂದು ಅವನಿಗೆ ತಿಳಿಯಿತು. ಅಧಿಕಾರಿಯ ಬೆರಳು ಗುಂಡಿಯ ಮೇಲೆ ಹೋಯಿತು.

"ನಿಲ್ಲಿಸಬೇಡಿ ಸಾರ್" ಎಂದರು ಟೀಚರಮ್ಮ. "ಪೂರ್ತಿ ಕೇಳೋಣ. ರಾಗ ಮುಗಿದ ಮೇಲೂ."

ಟೇಪು ಬುಸುಗುಡುತ್ತ ಓಡಿತು. ಖಾಲಿ ಕೋಣೆಯ ಸದ್ದು, ಉಸಿರು, ಗಿಟಾರನ್ನು ಎದೆಗೊತ್ತಿಕೊಂಡ ಬಟ್ಟೆಯ ಸರಸರ. ಹತ್ತು ಸೆಕೆಂಡು. ಆಮೇಲೆ ಗಿಟಾರಿನ ಮರದ ಮೇಲೆ ಬೆರಳಗೆಣ್ಣು: ಟಕ್ ಟಕ್. ಒಂದು ಉಸಿರಿನ ಬಿಡುವು. ಟಕ್ ಟಕ್ ಟಕ್. ಟೀಚರಮ್ಮ ಚೀಲದಿಂದ ಹಳದಿ ಅರ್ಜಿಯೊಂದನ್ನು ತೆಗೆದು, ಮಗುಚಿ, ಅಧಿಕಾರಿಯ ಮುಂದಿಟ್ಟರು. ಕ್ಯಾಸೆಟ್ಟುಗಳ ಚೀಟಿ ಕಿತ್ತುಹೋಗುತ್ತಿದ್ದ ಕಾಲದಲ್ಲಿ ಅವರೇ ಬರೆದ ಐದನೆಯ ನಿಯಮ ಅಲ್ಲಿತ್ತು: ನುಡಿಸಿ ಮುಗಿದ ಮೇಲೆ ಹತ್ತು ಸೆಕೆಂಡು ಸುಮ್ಮನಿದ್ದು, ಈ ಭಂಡಾರ ನಿಮಗೆ ಕೊಟ್ಟ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಮರದ ಮೇಲೆ ಬಡಿಯಿರಿ; ಹಂಚುವ ಮೊದಲು ನಾವು ಅದನ್ನು ಕತ್ತರಿಸುತ್ತೇವೆ. ಭಂಡಾರ ಹುಟ್ಟುವ ಎರಡು ವರ್ಷ ಮೊದಲಿನದೆಂದು ಹೇಳಿದ ಕ್ಯಾಸೆಟ್ಟು, ಭಂಡಾರ ಕೊಟ್ಟ ಸಂಖ್ಯೆಯನ್ನು ತಾನಾಗಿ ಹೇಳಿತ್ತು: ಎರಡು, ಮೂರು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಓದುಗರೇ, ಶಿಕ್ಷೆ ಅವನಿಗಾಯಿತು, ಆಗಬೇಕಾದದ್ದೇ. ನಿಮ್ಮ ಪಾಲಿನ ಕೆಲಸ ಇನ್ನೂ ಬಾಕಿಯಿದೆ. ನಿಮ್ಮ ನಾಟಕದ ಕೆಳಗೆ, ನಿಮ್ಮ ಚಿತ್ರದ ಕೆಳಗೆ, ನಿಮ್ಮ ಮಗುವಿನ ನಗುವಿನ ಕೆಳಗೆ ಬಿಟ್ಟಿಯಾಗಿ ಬಂದ ರಾಗವೊಂದಿದ್ದರೆ, ಇಂದೇ ಅದನ್ನು ಕೊಟ್ಟವರಿಗೆ ಎರಡು ಸಾಲು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ, ಅದನ್ನು ಎತ್ತಿಕೊಂಡ ಬಾಗಿಲಿಗೇ ಬರೆಯಿರಿ.